ಸ್ಟ್ರೆಂಗ್ತ್ ಕೋಚ್ ಬದಲಾದಾಗ: ಕಾಲೇಜು ಫುಟ್‌ಬಾಲ್ ತಂಡದ ಮೊದಲ ನಾಲ್ಕು ವಾರಗಳ ಲೆಕ್ಕ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಹೆಡ್ ಕೋಚ್‌ಗಳ ಕುರ್ಚಿ ಅಲುಗಾಡುವುದು ಹೆಚ್ಚಾಗಿ ನವೆಂಬರ್ ಕೊನೆಯಲ್ಲಿ. ಡಿಸೆಂಬರ್‌ನಲ್ಲಿ ಹೊಸಬರ ಹೆಸರು ಹೊರಬೀಳುತ್ತದೆ. ಅವರು ಕರೆತರುವ ಮೊದಲ ಒಂದೆರಡು ಜನರಲ್ಲಿ ಸ್ಟ್ರೆಂಗ್ತ್ ಅಂಡ್ ಕಂಡಿಷನಿಂಗ್ ಕೋಚ್, ಅಂದರೆ ಆಟಗಾರರ ಬಲ ಮತ್ತು ದಮ್ಮಿನ ತಾಲೀಮು ನೋಡಿಕೊಳ್ಳುವವರು, ಸಾಮಾನ್ಯವಾಗಿ ಇದ್ದೇ ಇರುತ್ತಾರೆ. ಜನವರಿ ಹೊತ್ತಿಗೆ, ಚಳಿಗಾಲದ ರಜೆ ಮುಗಿಸಿ ಬಂದ ನೂರರ ಆಸುಪಾಸಿನ ಹುಡುಗರು ಈ ಹೊಸ ಕೋಚ್ ಎದುರು ಸಾಲಾಗಿ ನಿಂತಿರುತ್ತಾರೆ. ಯಾರ ಮಂಡಿಗೆ ಆಪರೇಷನ್ ಆಗಿದೆ, ಯಾರು ಎರಡು ವಾರ ಕೈಕಾಲು ಆಡಿಸದೆ ಮನೆಯಲ್ಲಿ ಉಂಡು ಮಲಗಿದ್ದರು, ಯಾರು ನಿನ್ನೆಯಷ್ಟೇ ಬೇರೆ ಕಾಲೇಜಿನಿಂದ ವರ್ಗವಾಗಿ ಬಂದಿದ್ದಾರೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಇನ್ನು ಹೆಡ್ ಕೋಚ್‌ಗೆ "ಹಳೆಯ ಸಡಿಲ ದಿನಗಳು ಮುಗಿದವು" ಎಂದು ಮೊದಲ ದಿನವೇ ತೋರಿಸುವ ತವಕ. ಸೋತ ತಂಡವನ್ನು ಗೆಲ್ಲಿಸುವ ಮಾತು ಆಮೇಲಿನದು. ಈ ನೇಮಕದ ನಿಜವಾದ ಪರೀಕ್ಷೆ ನಡೆಯುವುದು ಈ ನಾಲ್ಕು ವಾರಗಳಲ್ಲಿ.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ, ಹೆಲ್ಮೆಟ್ ತೊಟ್ಟು ಆಡುವ ಅಮೆರಿಕನ್ ಆಟ. ಒಂದೊಂದು ಪ್ಲೇ ಐದಾರು ಸೆಕೆಂಡಿನ ಸ್ಫೋಟ. ಆಮೇಲೆ ಅರ್ಧ ನಿಮಿಷದಷ್ಟು ಬಿಡುವು. ಎದುರಾಳಿಯನ್ನು ತಳ್ಳಿ ತಡೆಯುವ 140 ಕಿಲೋದ ಲೈನ್‌ಮನ್ ಮತ್ತು ಓಡಿ ಚೆಂಡು ಹಿಡಿಯುವ 85 ಕಿಲೋದ ರಿಸೀವರ್ ಒಂದೇ ತಂಡದಲ್ಲಿರುತ್ತಾರೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದೇ ಓಟ ಓಡಿಸುವುದರಲ್ಲೇ ಅರ್ಧ ಅವಾಂತರ ಹುಟ್ಟುತ್ತದೆ.

ಜಿಮ್ ನೋಡಿಕೊಳ್ಳುವ ಒಬ್ಬರು ಬದಲಾದರೆ ಇಷ್ಟು ಸುದ್ದಿ ಯಾಕೆ? ಉತ್ತರ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ನಿಯಮಗಳಲ್ಲಿದೆ. ಪಂದ್ಯಗಳ ಋತುವಿನಲ್ಲಿ ಆಟಗಾರರಿಂದ ಕಡ್ಡಾಯವಾಗಿ ಪಡೆಯಬಹುದಾದ ಸಮಯ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ. ಋತುವಿನಾಚೆ ಅದು ವಾರಕ್ಕೆ 8 ಗಂಟೆಗೆ ಇಳಿಯುತ್ತದೆ, ಅದರಲ್ಲೂ ದೊಡ್ಡ ಪಾಲು ಜಿಮ್ ಮತ್ತು ಓಟಕ್ಕೆ ಹೋಗುತ್ತದೆ. ವಸಂತದಲ್ಲಿ ಸಿಗುವುದು 15 ಅಭ್ಯಾಸಗಳು ಮಾತ್ರ. ಹಾಗಾಗಿ ಜನವರಿಯಿಂದ ಜುಲೈವರೆಗೆ ಆಟಗಾರರ ಮುಖವನ್ನು ದಿನವೂ ನೋಡುವವರು ಹೆಡ್ ಕೋಚ್ ಅಲ್ಲ, ಸ್ಟ್ರೆಂಗ್ತ್ ಕೋಚ್. ತಂಡದ ಶಿಸ್ತು, ಮಾತಿನ ಧಾಟಿ, ನೋವಾದರೆ ಹೇಳಬೇಕೋ ನುಂಗಬೇಕೋ ಎಂಬ ಅಘೋಷಿತ ಕಾನೂನು, ಎಲ್ಲವೂ ರೂಪುಗೊಳ್ಳುವುದು ಅವರ ಕೈಯಲ್ಲಿ. ಗರಡಿಮನೆಗೆ ಉಸ್ತಾದ ಹೇಗೋ ಹಾಗೆ.

ಈ ಹುದ್ದೆ ತೀರಾ ಹಳೆಯದಲ್ಲ. ಭಾರ ಎತ್ತಿದರೆ ಮೈ ಬಿಗಿದು ಓಟ ನಿಧಾನವಾಗುತ್ತದೆ ಎಂದೇ ಬಹಳ ಕಾಲ ಕೋಚ್‌ಗಳು ನಂಬಿದ್ದರು. 1958ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ) ತಂಡಕ್ಕೆ ಆಲ್ವಿನ್ ರಾಯ್ ಭಾರದ ತಾಲೀಮು ಕೊಟ್ಟಿದ್ದರು. 1969ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯ ಬಾಯ್ಡ್ ಎಪ್ಲಿ ಎಂಬ ಪೋಲ್‌ವಾಲ್ಟ್ ಪಟುವನ್ನು ಇದೇ ಕೆಲಸಕ್ಕೆಂದು ನೇಮಿಸಿತು. ವೃತ್ತಿಯ ಸಂಘಟನೆಯಾದ ಎನ್‌ಎಸ್‌ಸಿಎಯನ್ನು 1978ರಲ್ಲಿ ಕಟ್ಟಿದವರೂ ಎಪ್ಲಿಯೇ. ಅಲ್ಲಿಂದ ಸಂಬಳ ಎಲ್ಲಿಗೆ ಹೋಯಿತೆಂದರೆ, 2019ರ ಸುಮಾರಿಗೆ ಅಯೋವದ ಕ್ರಿಸ್ ಡಾಯ್ಲ್ ವರ್ಷಕ್ಕೆ 8 ಲಕ್ಷ ಡಾಲರ್ ಪಡೆಯುತ್ತಿದ್ದರು.

ಯಾಕೆ ಬದಲಾದರು ಎಂಬುದರ ಮೇಲೆ ಹೊಸಬರ ಕೈಗೆ ಏನು ಸಿಗುತ್ತದೆ ಎಂಬುದು ನಿಂತಿದೆ. ಹೆಡ್ ಕೋಚ್ ಜೊತೆಗೆ ಇಡೀ ಬಳಗ ಖಾಲಿಯಾದರೆ ಕಡತಗಳೂ ಅವರೊಂದಿಗೆ ಹೋಗಿಬಿಡುವ ಅಪಾಯ ಹೆಚ್ಚು. ಹೆಡ್ ಕೋಚ್ ಉಳಿದು ಸ್ಟ್ರೆಂಗ್ತ್ ಕೋಚ್ ಮಾತ್ರ ಬದಲಾದರೆ ಮಾಹಿತಿ ಉಳಿಯುತ್ತದೆ, ಆದರೆ ಸೋಲಿನ ಹೊರೆಯನ್ನು ಒಬ್ಬರ ತಲೆಗೆ ಕಟ್ಟಿದಂತೆ ಕಾಣುತ್ತದೆ. ಕೋಚ್ ತಾವಾಗಿಯೇ ಬೇರೆಡೆ ಹೋಗುವುದೂ ಉಂಟು. 2007ರಿಂದ ಅಲಬಾಮದಲ್ಲಿದ್ದ ಸ್ಕಾಟ್ ಕಾಕ್ರನ್ 2020ರಲ್ಲಿ ಜಾರ್ಜಿಯಕ್ಕೆ ಸ್ಪೆಷಲ್ ಟೀಮ್ಸ್ (ಚೆಂಡು ಒದೆಯುವ ಹಂತಗಳಲ್ಲಿ ಆಡುವ ಪಡೆ) ಕೋಚ್ ಆಗಿ ಹೋದದ್ದು ಹಾಗೆ. ಎಲ್ಲಕ್ಕಿಂತ ಕಷ್ಟದ್ದು, ಆರೋಪ ಅಥವಾ ಸಾವಿನ ಬೆನ್ನಿಗೆ ಆಗುವ ಬದಲಾವಣೆ. ಕಪ್ಪು ಆಟಗಾರರನ್ನು ನಡೆಸಿಕೊಂಡ ರೀತಿಯ ಬಗ್ಗೆ ಆರೋಪಗಳು ಬಂದ ಮೇಲೆ 2020ರ ಜೂನ್‌ನಲ್ಲಿ ಡಾಯ್ಲ್ ಅಯೋವ ಬಿಟ್ಟರು. ಆಗ ಆದ ಒಪ್ಪಂದ ಸುಮಾರು 11 ಲಕ್ಷ ಡಾಲರಿನದು. ಅಂಥ ಕಡೆ ಹೊಸಬರು ಮೊದಲು ದುರಸ್ತಿ ಮಾಡಬೇಕಾದ್ದು ಸ್ಕ್ವಾಟ್ (ಭುಜದ ಮೇಲೆ ಭಾರ ಹೊತ್ತು ಕೂತೇಳುವ ವ್ಯಾಯಾಮ) ಅಲ್ಲ, ನಂಬಿಕೆ.

ಪದ್ಧತಿಯೇ ಬದಲಾದಾಗ

ಕೆಲವೊಮ್ಮೆ ವ್ಯಕ್ತಿಯ ಜೊತೆಗೆ ಇಡೀ ತಾಲೀಮಿನ ತರ್ಕವೇ ತಲೆಕೆಳಗಾಗುತ್ತದೆ. ಪೆನ್ ಸ್ಟೇಟ್‌ನಲ್ಲಿ ಹೆಡ್ ಕೋಚ್ ಜೋ ಪಟರ್ನೊ ಕಾಲದಲ್ಲಿ ಹೆಚ್ಚಾಗಿ ಯಂತ್ರಗಳ ಮೇಲೆ, ಕಡಿಮೆ ಸೆಟ್‌ಗಳಲ್ಲಿ, ಸ್ನಾಯು ಪೂರ್ತಿ ಸೋಲುವವರೆಗೆ ಎಳೆಯುವ ಪದ್ಧತಿಯಿತ್ತು. 2012ರಲ್ಲಿ ಬಿಲ್ ಒಬ್ರಯನ್ ಹೆಡ್ ಕೋಚ್ ಆಗಿ ಬಂದಾಗ ಅವರೊಂದಿಗೆ ಬಂದ ಕ್ರೇಗ್ ಫಿಟ್ಜೆರಾಲ್ಡ್ ತಂಡವನ್ನು ಬಾರ್‌ಬೆಲ್, ಸ್ಕ್ವಾಟ್, ಪವರ್ ಕ್ಲೀನ್ ಕಡೆಗೆ ಹೊರಳಿಸಿದರು. ಹೊರಗಿನವರಿಗೆ ಇದು ಉಪಕರಣ ಬದಲಾಯಿಸಿದಂತೆ ಕಾಣಬಹುದು. ಯಂತ್ರದಲ್ಲಿ ಚಲನೆಯ ದಾರಿಯನ್ನು ಯಂತ್ರವೇ ಹಿಡಿದಿಡುತ್ತದೆ. ಪವರ್ ಕ್ಲೀನ್‌ನಲ್ಲಿ ನೆಲದಿಂದ ಭುಜದವರೆಗೆ ಬಾರ್ ಏರುವ ದಾರಿಗೆ ಸೊಂಟ, ಹಿಮ್ಮಡಿ, ಮಣಿಕಟ್ಟು ಮೂರೂ ಹೊಂದಿಕೊಳ್ಳಬೇಕು. ನಾಲ್ಕು ವರ್ಷ ಯಂತ್ರ ಎಳೆದ ಹುಡುಗನ ತೊಡೆಯಲ್ಲಿ ಬಲ ಧಾರಾಳವಾಗಿರುತ್ತದೆ, ಬಾರ್ ಅನ್ನು ಭುಜದ ಮೇಲೆ ಹಿಡಿಯುವ ಸಡಿಲ ಮಣಿಕಟ್ಟು ಮಾತ್ರ ಇರುವುದಿಲ್ಲ. ಬಲ ಇದೆಯೆಂದು ಭಾರ ಏರಿಸಿದರೆ ಮಣಿಕಟ್ಟು ಮತ್ತು ಕೆಳಬೆನ್ನು ದಂಡ ತೆರುತ್ತವೆ. 20 ಕಿಲೋದ ಖಾಲಿ ಬಾರ್‌ನಿಂದ, ಅದೂ ತೊಡೆಯ ಎತ್ತರದಿಂದ ಶುರುಮಾಡಿ, ಎರಡು ಮೂರು ವಾರ ಬರೀ ತಂತ್ರ ಕಲಿಸುವುದು ಸರಿಯಾದ ದಾರಿ. ಮಣಿಕಟ್ಟು ಬಾಗದ ಲೈನ್‌ಮನ್‌ಗಳಿಗೆ ಟ್ರ್ಯಾಪ್ ಬಾರ್ (ನಡುವೆ ನಿಂತು ಎರಡೂ ಬದಿಯ ಹಿಡಿಗಳನ್ನು ಹಿಡಿಯುವ ಬಾರ್) ಹಿಡಿದು ಜಿಗಿಯುವ ವ್ಯಾಯಾಮ ಕೊಟ್ಟರೆ ಹೆಚ್ಚೇನೂ ನಷ್ಟವಿಲ್ಲ. ಎಲ್ಲರೂ ಕ್ಲೀನ್ ಮಾಡಲೇಬೇಕೆಂಬ ಹಟ ಕೋಚ್‌ಗಳ ಅಭಿಮಾನದ ವಿಷಯ, ಆಟದ್ದಲ್ಲ.

ಅಲಬಾಮದಲ್ಲಿ ಆದದ್ದು ಇನ್ನೊಂದು ಬಗೆ. ಕಾಕ್ರನ್ ಗಂಟಲು ಹರಿಯುವಂತೆ ಕೂಗಿ ಹುರಿದುಂಬಿಸುವುದಕ್ಕೆ ಹೆಸರಾದವರು. ಅವರ ಜಾಗಕ್ಕೆ ಇಂಡಿಯಾನದಿಂದ ಬಂದ ಡೇವಿಡ್ ಬಲೂ ಮತ್ತು ಮ್ಯಾಟ್ ರೇ ಜೋಡಿ ಓಟದ ವೇಗ ಮತ್ತು ಅಳತೆಗೆ ಒತ್ತು ಕೊಡುವವರು. ಬಂದ ಕೆಲವೇ ವಾರಗಳಲ್ಲಿ, 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದ ಕ್ಯಾಂಪಸ್ ಮುಚ್ಚಿತು. ಆಟಗಾರರಿಗೆ ಆ್ಯಪಲ್ ವಾಚ್ ಕೊಟ್ಟು, ಅವರವರ ಊರಿನಲ್ಲಿದ್ದುಕೊಂಡೇ ಮಾಡುವ ತಾಲೀಮನ್ನು ದೂರದಿಂದ ಗಮನಿಸಬೇಕಾಯಿತು. ಆ ಋತುವಿನಲ್ಲಿ ತಂಡ 13–0 ಆಗಿ, ಅಂದರೆ 13 ಗೆದ್ದು ಒಂದೂ ಸೋಲದೆ, ಚಾಂಪಿಯನ್ ಆಯಿತು. ಕಿರುಚಾಟ ಕಡಿಮೆಯಾದರೆ ತಂಡ ಮೆತ್ತಗಾಗುತ್ತದೆ ಎಂಬ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ನೂರು ಸ್ಕ್ವಾಟ್‌ಗಳ ಲೆಕ್ಕ

2011ರ ಜನವರಿ. ಅಯೋವ ತಂಡ ಡಿಸೆಂಬರ್ ಕೊನೆಯಲ್ಲಿ ಬೌಲ್ ಪಂದ್ಯ (ಋತುವಿನ ಕೊನೆಯ ವಿಶೇಷ ಪಂದ್ಯ) ಆಡಿ, ಕೆಲವು ವಾರ ಬಿಡುವು ಪಡೆದು ಮರಳಿತ್ತು. ಒಂದು ದಿನದ ತಾಲೀಮಿನಲ್ಲಿ, ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದ ಶೇ 50ರಷ್ಟನ್ನು ಹೊತ್ತು 100 ಸ್ಕ್ವಾಟ್ ಮಾಡಬೇಕಿತ್ತು, ಗಡಿಯಾರ ಹಿಡಿದು. ಅದರ ಜೊತೆಗೆ ಬೇರೆ ವ್ಯಾಯಾಮಗಳೂ ಇದ್ದವು. ಮುಂದಿನ ದಿನಗಳಲ್ಲಿ 13 ಆಟಗಾರರು ಆಸ್ಪತ್ರೆ ಸೇರಿದರು. ರೋಗದ ಹೆಸರು ರಾಬ್ಡೋಮಯೊಲಿಸಿಸ್: ಅತಿ ದಣಿದ ಸ್ನಾಯುಕೋಶಗಳು ಒಡೆದು, ಒಳಗಿನ ಪ್ರೋಟೀನು ರಕ್ತಕ್ಕೆ ಸೇರಿ, ಮೂತ್ರಪಿಂಡವನ್ನು ಕಟ್ಟಿಸುವ ಸ್ಥಿತಿ. ಅಲ್ಲಿ ಕೋಚ್ ಹೊಸಬರಲ್ಲ, ಆ ತಾಲೀಮೂ ಹೊಸದಲ್ಲ. ಹಳಬರ ಕೈಯಲ್ಲೇ ಹೀಗಾದರೆ ಆಟಗಾರರ ಹಿನ್ನೆಲೆ ಗೊತ್ತಿಲ್ಲದವರ ಕೈಯಲ್ಲಿ ಏನಾದೀತು ಎಂಬುದಕ್ಕೆ 2017ರ ಜನವರಿಯ ಆರೆಗನ್ ಸಾಕ್ಷಿ. ಹೊಸ ಹೆಡ್ ಕೋಚ್ ವಿಲ್ಲಿ ಟ್ಯಾಗರ್ಟ್ ಜೊತೆ ಬಂದ ಸ್ಟ್ರೆಂಗ್ತ್ ಕೋಚ್ ನಡೆಸಿದ ಆರಂಭದ ತಾಲೀಮುಗಳ ನಂತರ ಮೂವರು ಆಸ್ಪತ್ರೆ ಸೇರಿದರು. ಆ ಕೋಚ್‌ಗೆ ಒಂದು ತಿಂಗಳು ಸಂಬಳವಿಲ್ಲದ ಅಮಾನತು ಆಯಿತು.

ಇಂಥವುಗಳನ್ನು ತಡೆಯಲು ಎನ್‌ಎಸ್‌ಸಿಎ ಮತ್ತು ಕಾಲೇಜು ಕೋಚ್‌ಗಳ ಸಂಘಟನೆ ಸಿಎಸ್‌ಸಿಸಿಎ ಸೇರಿ 2019ರಲ್ಲಿ ಒಂದು ಮಾರ್ಗಸೂಚಿ ಹೊರತಂದವು. ಅದರ ಗಣಿತ ಸರಳ. ಸೆಟ್ (ಸುತ್ತು) ಸಂಖ್ಯೆ, ರೆಪ್ (ಒಂದು ಸುತ್ತಿನಲ್ಲಿ ಎಷ್ಟು ಸಲ) ಸಂಖ್ಯೆ, ಗರಿಷ್ಠ ಭಾರದ ಎಷ್ಟು ಪಾಲು ಎಂಬ ದಶಮಾಂಶ, ಈ ಮೂರನ್ನೂ ಗುಣಿಸಿ. ಬಿಡುವಿನ ನಂತರದ ವಾರಗಳಲ್ಲಿ ಉತ್ತರ 11ರಿಂದ 30ರ ನಡುವೆ ಇರಬೇಕು, 30 ದಾಟಕೂಡದು. ಶೇ 70 ಭಾರದಲ್ಲಿ 5 ಸೆಟ್, 5 ರೆಪ್ ಅಂದರೆ 17.5, ಚಿಂತೆಯಿಲ್ಲ. ಅದೇ ಭಾರದಲ್ಲಿ 4 ಸೆಟ್, 10 ರೆಪ್ ಅಂದರೆ 28, ಅಂಚಿನಲ್ಲಿದೆ. ಶೇ 65ರಲ್ಲಿ 5 ಸೆಟ್, 10 ರೆಪ್ ಎಂದರೆ 32.5, ಬೇಡ. ಈಗ ಅಯೋವದ 100 ಸ್ಕ್ವಾಟ್ ಹಾಕಿ ನೋಡಿ: 100 ಗುಣಿಸು 0.5, ಉತ್ತರ 50. ಶೇ 50 ಎಂದರೆ ಹಗುರ ಎನ್ನಿಸಿ ಕಣ್ಣಿಗೆ ಮೋಸವಾಗುವುದು ಇಲ್ಲೇ. ಕೊಲ್ಲುವುದು ಭಾರವಲ್ಲ, ಎಣಿಕೆ. ಸ್ಕ್ವಾಟ್ ಆದಮೇಲೆ ಅದೇ ತೊಡೆಗೆ ಲಂಜ್, ಸ್ಲೆಡ್ ತಳ್ಳುವುದು ಎಂದೆಲ್ಲ ಸೇರಿಸುವವರು ಅವನ್ನೂ ಇದೇ ಲೆಕ್ಕಕ್ಕೆ ಕೂಡಿಸಿಕೊಳ್ಳಬೇಕು. ತಡವಾಗಿ ಬಂದದ್ದಕ್ಕೆ ಶಿಕ್ಷೆಯೆಂದು ಮಾಡಿಸುವ ಪುಷ್‌ಅಪ್‌ಗಳು ಯಾವ ಹಾಳೆಯಲ್ಲೂ ಬರೆದಿರುವುದಿಲ್ಲ, ಆದರೆ ತೋಳಿನ ಸ್ನಾಯು ಅವನ್ನು ಬಿಡದೆ ಎಣಿಸುತ್ತದೆ. ಶಿಕ್ಷೆಯಾಗಿ ವ್ಯಾಯಾಮ ಬೇಡವೆಂದು ಎನ್‌ಸಿಎಎ ಕೂಡ ಹೇಳುತ್ತದೆ.

ಓಟಕ್ಕೆ ಇರುವುದು 50/30/20/10 ಎಂಬ ಸೂತ್ರ. ದಾಖಲೆಯಲ್ಲಿರುವ ವಾರದ ಗರಿಷ್ಠ ಓಟದ ಪ್ರಮಾಣದಿಂದ ಮೊದಲ ವಾರ ಕನಿಷ್ಠ ಶೇ 50, ಎರಡನೇ ವಾರ 30, ಮೂರನೆಯದರಲ್ಲಿ 20, ನಾಲ್ಕನೆಯದರಲ್ಲಿ 10 ಕಳೆಯಬೇಕು. ತಂಡ ಹಿಂದೆ ಮಾಡಿದ ಗರಿಷ್ಠ ವಾರಕ್ಕೆ 110 ಗಜದ 40 ಓಟ ಎಂದಿಟ್ಟುಕೊಳ್ಳಿ. ಆಗ ಮೊದಲ ವಾರ 20 ಓಟ, ಆಮೇಲೆ 28, 32, 36. ತಾಲೀಮಿನ ದಿನಗಳು ಮೊದಲ ವಾರ ಮೂರಕ್ಕಿಂತ, ಎರಡನೇ ವಾರ ನಾಲ್ಕಕ್ಕಿಂತ ಹೆಚ್ಚಿರಬಾರದು. ಬಿಡುವು ಮೊದಲ ವಾರ ಒಂದಕ್ಕೆ ನಾಲ್ಕು, ಎರಡನೇ ವಾರ ಒಂದಕ್ಕೆ ಮೂರು: 110 ಗಜವನ್ನು 18 ಸೆಕೆಂಡಿನಲ್ಲಿ ಓಡಿದವರಿಗೆ ಮೊದಲು 72 ಸೆಕೆಂಡು, ಮುಂದಿನ ವಾರ 54 ಸೆಕೆಂಡು ನಿಲ್ಲಲು ಬಿಡಬೇಕು. ಲೈನ್‌ಮನ್ ಅದೇ ದೂರಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾನೆ, ಅಷ್ಟೇ ಹೆಚ್ಚು ಬಿಡುವೂ ಅವನಿಗೆ ಸಲ್ಲಬೇಕು. ಎಲ್ಲರಿಗೂ ಒಂದೇ ಸೀಟಿ ಊದಿದರೆ ಈ ಲೆಕ್ಕ ಕೆಡುತ್ತದೆ. ಹೊಸ ಕೋಚ್ ಬಂದಾಗ ಮೂರು ವರ್ಷದಿಂದ ಆಡುತ್ತಿರುವವರನ್ನೂ ಹೊಸಬರಂತೆಯೇ ಎಣಿಸಿ ಪೂರಾ ನಾಲ್ಕು ವಾರ ಕೊಡುವುದು ಮೇಲು. ದೇಹ ಹಳೆಯದಾದರೂ ಅದರ ಮೇಲೆ ಬೀಳುವ ಹೊರೆ ಹೊಸದು.

ಸೂತ್ರದ ಒಂದು ಮಾತನ್ನು ಮತ್ತೆ ಗಮನಿಸಿ: "ದಾಖಲೆಯಲ್ಲಿರುವ ಗರಿಷ್ಠ". ದಾಖಲೆಯೇ ಇಲ್ಲದಿದ್ದರೆ ಅರ್ಧ ಎಷ್ಟು? ಎಷ್ಟೋ ತಂಡಗಳ ತಾಲೀಮಿನ ಇತಿಹಾಸ ಇರುವುದು ಹೋದ ಕೋಚ್‌ನ ಸ್ವಂತ ಲ್ಯಾಪ್‌ಟಾಪ್‌ನ ಎಕ್ಸೆಲ್ ಹಾಳೆಗಳಲ್ಲಿ. ಅವರು ಹೋದರೆ ಅದೂ ಹೋಯಿತು. ಈ ದಾಖಲೆಗಳು ವಿಶ್ವವಿದ್ಯಾಲಯದ ಸ್ವತ್ತು ಎಂಬ ಒಂದು ಸಾಲನ್ನು ನೇಮಕದ ಕರಾರಿನಲ್ಲೇ ಸೇರಿಸಿಬಿಟ್ಟರೆ ಮುಗಿಯುವ ಕೆಲಸ ಇದು. ಏನೂ ಸಿಗದಿದ್ದಾಗ ಊಹಿಸಿ ಅರ್ಧ ಮಾಡುವ ಬದಲು ಕೈಲಾದಷ್ಟು ಕಡಿಮೆಯಿಂದ ಹತ್ತುವುದು ಜಾಣತನ.

ಬಾರ್ ಮುಟ್ಟುವ ಮೊದಲು

ಹೊಸ ಕೋಚ್ ಮೊದಲು ಕೂರಬೇಕಾದ್ದು ತಂಡದ ಅಥ್ಲೆಟಿಕ್ ಟ್ರೈನರ್ ಎದುರು, ಅಂದರೆ ಗಾಯ ಮತ್ತು ಆರೋಗ್ಯ ನೋಡಿಕೊಳ್ಳುವವರ ಎದುರು. ಪ್ರತಿ ಆಟಗಾರನ ಪೂರ್ತಿ ವೈದ್ಯಕೀಯ ಕಡತ ಕೋಚ್‌ಗೆ ಬೇಕಿಲ್ಲ, ಕಾನೂನು ಅದಕ್ಕೆ ಸುಲಭವಾಗಿ ಬಿಡುವುದೂ ಇಲ್ಲ. ಬೇಕಾದ್ದು ಯಾರಿಗೆ ಏನು ಮಾಡಿಸಬಾರದು ಎಂಬ ಪಟ್ಟಿ. ಸಿಕಲ್ ಸೆಲ್ ಲಕ್ಷಣ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಬಲ್ಲ ಆನುವಂಶಿಕ ಗುಣ) ಯಾರಿಗಿದೆ, ಆಸ್ತಮಾ ಯಾರಿಗಿದೆ, ಹಿಂದೆ ಬಿಸಿಲಾಘಾತ ಯಾರಿಗಾಗಿತ್ತು, ಏಕಾಗ್ರತೆಗೆಂದು ಯಾರು ಉತ್ತೇಜಕ ಮಾತ್ರೆ ತೆಗೆದುಕೊಳ್ಳುತ್ತಾರೆ (ಅವು ಮೈಬಿಸಿ ಏರಿಸಬಲ್ಲವು), ಯಾರು ಶಸ್ತ್ರಚಿಕಿತ್ಸೆಯ ಎಷ್ಟನೇ ವಾರದಲ್ಲಿದ್ದಾರೆ. ಸಿಕಲ್ ಸೆಲ್ ಪರೀಕ್ಷೆ ಎನ್‌ಸಿಎಎ ಮೊದಲ ಡಿವಿಷನ್‌ಗೆ 2010ರಲ್ಲಿ ಬಂತು. 2006ರಲ್ಲಿ ರೈಸ್ ವಿಶ್ವವಿದ್ಯಾಲಯದ ಒಬ್ಬ ಆಟಗಾರ ಓಟದ ತಾಲೀಮಿನ ನಂತರ ತೀರಿಕೊಂಡದ್ದು ಅದಕ್ಕೆ ಕಾರಣ. ಈ ಲಕ್ಷಣವಿರುವವರು ಒಂದರ ಹಿಂದೊಂದು ಬಿರುಸಿನ ಓಟ ಓಡುವಾಗ ಕುಸಿದರೆ ಅದು ಸ್ನಾಯು ಸೆಳೆತದಂತೆಯೇ ತೋರುತ್ತದೆ. ಆದರೆ ಸೆಳೆತದಲ್ಲಿ ಸ್ನಾಯು ಕಲ್ಲಿನಂತೆ ಬಿಗಿಯುತ್ತದೆ, ಇದರಲ್ಲಿ ಬಿಗಿಯದೆ ಬಲ ಮಾತ್ರ ಉಡುಗುತ್ತದೆ. "ಎದ್ದು ಓಡು" ಎಂದು ಕೂಗುವ ಮೊದಲು ಕೋಚ್‌ಗೆ ಈ ವ್ಯತ್ಯಾಸ ಗೊತ್ತಿರಬೇಕು.

ತುರ್ತು ಸಮಯದ ಯೋಜನೆ ಗೋಡೆಗೆ ಅಂಟಿಸಿದ ಹಾಳೆಯಾಗಿ ಉಳಿಯಬಾರದು. 2018ರ ಮೇ 29ರಂದು ಮೇರಿಲ್ಯಾಂಡ್ ತಂಡದ 19 ವರ್ಷದ ಜೋರ್ಡನ್ ಮ್ಯಾಕ್‌ನೇರ್ 110 ಗಜದ ಓಟಗಳ ನಡುವೆ ಬಿಸಿಲಾಘಾತಕ್ಕೆ ಸಿಕ್ಕಿದ. ಜೂನ್ 13ರಂದು ತೀರಿಕೊಂಡ. ದೇಹವನ್ನು ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸುವ ಕ್ರಮವನ್ನು ಅಂದು ಬಳಸಿರಲಿಲ್ಲ, ಆಂಬುಲೆನ್ಸ್‌ಗೆ ಕರೆ ಹೋಗುವಷ್ಟರಲ್ಲಿ ಬಹಳ ತಡವಾಗಿತ್ತು. ಸ್ಟ್ರೆಂಗ್ತ್ ಕೋಚ್ ಆಗಸ್ಟ್‌ನಲ್ಲಿ, ಹೆಡ್ ಕೋಚ್ ಅಕ್ಟೋಬರ್ ಕೊನೆಗೆ ಹೊರಬಿದ್ದರು. ಈಗ ಒಪ್ಪಿತವಾದ ಕ್ರಮ: ಒಳಮೈಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿ, ಮಾತು ನಡೆ ತಪ್ಪಿದರೆ ಅಲ್ಲೇ ಮುಳುಗಿಸಿ, 39ಕ್ಕಿಂತ ಕೆಳಗಿಳಿಸಿ, ಆಮೇಲೆ ಆಸ್ಪತ್ರೆಗೆ. ಅರ್ಧ ಗಂಟೆಯೊಳಗೆ ಇಳಿಯಬೇಕು. ಹೊಸ ಕೋಚ್ ಮೊದಲ ವಾರವೇ ಕೇಳಬೇಕಾದ್ದು ಇಷ್ಟು: ತೊಟ್ಟಿ ಎಲ್ಲಿದೆ, ಐಸ್ ಎಲ್ಲಿದೆ, 140 ಕಿಲೋ ಮೈಯನ್ನು ಎತ್ತಿ ಅದರೊಳಗೆ ಇಳಿಸುವವರು ಯಾರು?

ಹಳೆಯ ಬಳಗದಿಂದ ಒಬ್ಬ ಸಹಾಯಕನನ್ನಾದರೂ ಉಳಿಸಿಕೊಳ್ಳುವುದು ಒಳ್ಳೆಯದು. ಯಾರು ನೋವನ್ನು ಮುಚ್ಚಿಡುತ್ತಾರೆ, ಯಾರು ಮುಂಜಾನೆ ಬರಿಹೊಟ್ಟೆಯಲ್ಲಿ ಬರುತ್ತಾರೆ ಎಂಬುದು ಯಾವ ಸಾಫ್ಟ್‌ವೇರ್‌ನಲ್ಲೂ ಇಲ್ಲ.

ಅಂಕಿಗಳ ಮೋಸ

ಹೊಸ ಕೋಚ್ ಬಂದ ಮೂರೇ ತಿಂಗಳಲ್ಲಿ "ತಂಡದ ಸ್ಕ್ವಾಟ್ ಸರಾಸರಿ ಏರಿತು" ಎಂಬ ಸುದ್ದಿ ಬಂದರೆ ಸ್ವಲ್ಪ ತಡೆದು ನೋಡಿ. ಹಿಂದಿನವರು ತೊಡೆ ನೆಲಕ್ಕೆ ಸಮಾನಾಂತರವಾಗುವವರೆಗೆ ಇಳಿಸುತ್ತಿದ್ದು, ಈಗಿನವರು ನಾಲ್ಕು ಬೆರಳು ಮೇಲೆಯೇ ಒಪ್ಪಿದರೆ ಯಾರ ಬಲವೂ ಹೆಚ್ಚದೆ ಅಂಕಿ ಏರುತ್ತದೆ. 40 ಗಜದ ಓಟವನ್ನು ಕೈಯಲ್ಲಿ ಹಿಡಿದ ಸ್ಟಾಪ್‌ವಾಚ್‌ನಲ್ಲಿ ಅಳೆದರೆ ವಿದ್ಯುನ್ಮಾನ ಅಳತೆಗಿಂತ ಸುಮಾರು 0.2 ಸೆಕೆಂಡು ಕಡಿಮೆ ಬರುತ್ತದೆ; ಜೀವಮಾನವಿಡೀ ಕಷ್ಟಪಟ್ಟರೂ ಸಿಗದ ಸುಧಾರಣೆ ಗಡಿಯಾರ ಬದಲಾಯಿಸಿದ ದಿನವೇ ಸಿಗುತ್ತದೆ. ಆಟಗಾರರು ತೊಡುವ ಜಿಪಿಎಸ್ ಸಾಧನದ ಕಂಪನಿ ಬದಲಾದರೆ "ಅತಿವೇಗದ ಓಟ" ಎಂದು ಲೆಕ್ಕಕ್ಕೆ ಬರುವ ಮಿತಿಯೂ ಬದಲಾಗಬಹುದು. ಹಿಂದಿನ ವರ್ಷದ ಗಜಗಳನ್ನು ಈ ವರ್ಷದ್ದರ ಪಕ್ಕ ಇಡಲಾಗುವುದಿಲ್ಲ. ಹಾಗಾಗಿ ಮೊದಲ ವರ್ಷ ಹಳೆಯ ಅಳತೆಗಳಲ್ಲಿ ಎರಡು ಮೂರನ್ನಾದರೂ ಅದೇ ವಿಧಾನದಲ್ಲಿ ಮುಂದುವರಿಸಬೇಕು.

ಪರೀಕ್ಷೆ ಯಾವಾಗ ಎಂಬುದೂ ಮುಖ್ಯ. ಬಂದ ವಾರವೇ ಗರಿಷ್ಠ ಭಾರ ಎತ್ತಿಸುವ ಆಸೆ ಎಲ್ಲರಿಗೂ ಇರುತ್ತದೆ, "ಆರಂಭದ ಮಟ್ಟ ಗೊತ್ತಾಗಬೇಕಲ್ಲ" ಎಂಬ ನೆಪವೂ ಇರುತ್ತದೆ. ನಾಲ್ಕನೇ ವಾರದ ಕೊನೆಗೆ ಇಟ್ಟುಕೊಂಡರೆ ಏನೂ ಮುಳುಗುವುದಿಲ್ಲ. ಅಲ್ಲಿಯವರೆಗೆ ಬಾರ್‌ನ ವೇಗ ಅಳೆಯುವ ಸಾಧನ ಸಾಕು: ಸ್ಕ್ವಾಟ್‌ನಲ್ಲಿ ಬಾರ್ ಸೆಕೆಂಡಿಗೆ ಸುಮಾರು 0.3 ಮೀಟರ್ ವೇಗಕ್ಕೆ ಇಳಿದರೆ ಗರಿಷ್ಠದ ಹತ್ತಿರ ಬಂದಂತೆ, ಅದಕ್ಕೂ ಬಹಳ ಮೊದಲೇ ನಿಲ್ಲಿಸಿ ಅಂದಾಜು ಕಟ್ಟಬಹುದು. ಹೊಸ ಕೋಚ್ ಜೊತೆಗೆ ಹೊಸ ಪರೀಕ್ಷೆ ಬರುವುದು ನಮಗೂ ಹೊಸತಲ್ಲ. 2025ರಲ್ಲಿ ಏಡ್ರಿಯನ್ ಲೆ ರೂ ಭಾರತ ಕ್ರಿಕೆಟ್ ತಂಡದ ಸ್ಟ್ರೆಂಗ್ತ್ ಕೋಚ್ ಆಗಿ ಮರಳಿದಾಗ ಬೆಂಗಳೂರಿನ ಸೆಂಟರ್ ಆಫ್ ಎಕ್ಸಲೆನ್ಸ್‌ನಲ್ಲಿ ಬ್ರಾಂಕೊ ಎಂಬ ದಮ್ಮು ಅಳೆಯುವ ಓಟ ಶುರುವಾಗಿ, ಯೋಯೋ ಅಂಕಗಳ ಬಗ್ಗೆ ಮಾತಾಡುತ್ತಿದ್ದವರೆಲ್ಲ ಬ್ರಾಂಕೊ ಬಗ್ಗೆ ಮಾತಾಡತೊಡಗಿದರು.

ಗೆಲುವಿನ ಶ್ರೇಯಸ್ಸನ್ನು ಹಂಚುವುದಂತೂ ಇನ್ನೂ ಕಷ್ಟ. ನೋಟ್ರ ಡೇಮ್ 2016ರಲ್ಲಿ 4–8 ಆಗಿ ಮುಗಿಯಿತು. ಬ್ರಯನ್ ಕೆಲಿ ಹೆಡ್ ಕೋಚ್ ಆಗಿಯೇ ಉಳಿದರು. ಪಾಲ್ ಲಾಂಗೊ ಜಾಗಕ್ಕೆ ಮ್ಯಾಟ್ ಬ್ಯಾಲಿಸ್ ಬಂದರು. ಮುಂದಿನ ಋತು 10–3. ಸ್ಟ್ರೆಂಗ್ತ್ ಕೋಚ್ ಬದಲಾದದ್ದರಿಂದಲೇ ಹೀಗಾಯಿತು ಎನ್ನುವವರು ಮರೆಯುವ ಸಂಗತಿಯೆಂದರೆ, ಅದೇ ಚಳಿಗಾಲದಲ್ಲಿ ಆಕ್ರಮಣ ಮತ್ತು ರಕ್ಷಣೆ ಎರಡೂ ವಿಭಾಗಗಳ ಮುಖ್ಯಸ್ಥರು ಸಹ ಬದಲಾಗಿದ್ದರು. ಬ್ಯಾಲಿಸ್ ಪಾಲು ಇರಲಿಲ್ಲವೆಂದಲ್ಲ, ಅದನ್ನು ಬೇರ್ಪಡಿಸಿ ತೂಗುವ ತಕ್ಕಡಿ ಇಲ್ಲ. ತೂಗಲೇಬೇಕೆಂದರೆ ಗೆಲುವಿಗಿಂತ ಹತ್ತಿರದ ಅಳತೆಗಳಿವೆ: ತೊಡೆ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಎಷ್ಟು, ವಾರದ ಅಭ್ಯಾಸಕ್ಕೆ ಎಷ್ಟು ಮಂದಿ ಪೂರ್ತಿ ಲಭ್ಯ, ನವೆಂಬರ್‌ನಲ್ಲಿ ಆಟಗಾರರ ಗರಿಷ್ಠ ವೇಗ ಆಗಸ್ಟ್‌ನಷ್ಟೇ ಇದೆಯೇ. ಡಿಕ್ಕಿಯಲ್ಲಿ ಮುರಿದ ಕಾಲು ಕೋಚ್ ಲೆಕ್ಕಕ್ಕೆ ಬರುವುದಿಲ್ಲ. ಯಾರೂ ಮುಟ್ಟದೆ ಓಡುವಾಗ ಹರಿದ ಹ್ಯಾಮ್‌ಸ್ಟ್ರಿಂಗ್ ಬರುತ್ತದೆ. ಕೆಲವೊಮ್ಮೆ ಅದಕ್ಕೆ ಕಾರಣ ಅತಿ ಓಟವಲ್ಲ, ತಿಂಗಳುಗಟ್ಟಲೆ ಯಾರೂ ಪೂರ್ಣ ವೇಗದಲ್ಲಿ ಓಡದಿರುವುದು.

ಈ ಎಲ್ಲದರ ಹಿಂದೆ ಒಂದು ಪ್ರಶ್ನೆ ಇದೆ: ಸ್ಟ್ರೆಂಗ್ತ್ ಕೋಚ್ ಯಾರಿಗೆ ಉತ್ತರ ಹೇಳಬೇಕು? ಹೆಡ್ ಕೋಚ್ ಕರೆತಂದವರು ಹೆಡ್ ಕೋಚ್‌ನ ಮರ್ಜಿಯಲ್ಲೇ ಇದ್ದರೆ, ಅವರು "ಇಂದು ಸಾಕು" ಎನ್ನುವುದು ಕಷ್ಟ. ಆರೆಗನ್ ಘಟನೆಯ ನಂತರ ವಿಶ್ವವಿದ್ಯಾಲಯ ಈ ಎಳೆಯನ್ನೇ ಬದಲಾಯಿಸಿ, ಸ್ಟ್ರೆಂಗ್ತ್ ಕೋಚ್ ಕ್ರೀಡಾವಿಜ್ಞಾನ ವಿಭಾಗದ ಮುಖ್ಯಸ್ಥರಿಗೆ ವರದಿ ಮಾಡುವಂತೆ ಮಾಡಿತು. ಎನ್‌ಸಿಎಎ ಶಿಫಾರಸು ಕೂಡ ಇದೇ ದಿಕ್ಕಿನದು. ಕಾಗದದ ಮೇಲೆ ಇದು ಸುಲಭ. ಸಂಬಳದ ಚೀಟಿಯನ್ನು ಹೆಡ್ ಕೋಚ್ ಒಂದು ಮಾತಿನಲ್ಲಿ ನಿಲ್ಲಿಸಬಲ್ಲ ಕಡೆಯಲ್ಲಿ ಅದಕ್ಕೆ ಹೆಚ್ಚು ಬೆಲೆಯಿಲ್ಲ.

ಬದಲಾವಣೆ ಜನವರಿಯಲ್ಲೇ ಬರಬೇಕೆಂದೇನೂ ಇಲ್ಲ. 2023ರ ಬೇಸಿಗೆಯಲ್ಲಿ, ಆಗಸ್ಟ್ ಶಿಬಿರ ಎದುರಿಗಿರುವಾಗಲೇ, ಬ್ಯಾಲಿಸ್ ನೋಟ್ರ ಡೇಮ್ ಬಿಟ್ಟರು. ಆ ಋತುವನ್ನು ಒಳಗಿನವರೇ ನಡೆಸಿಕೊಂಡು ಹೋದರು. ಲೋರೆನ್ ಲ್ಯಾಂಡೋ ಪೂರ್ಣಾವಧಿ ಹೊಣೆ ಹೊತ್ತದ್ದು ಅದು ಕಳೆದ ಮೇಲೆ. ಶಿಬಿರಕ್ಕೆ ಎರಡು ವಾರ ಇರುವಾಗ ಕೈಗೆ ಬಂದ ತಂಡಕ್ಕೆ ಯಾವ ಹೊಸ ವ್ಯಾಯಾಮವನ್ನೂ ಸೇರಿಸಬಾರದು, ಹಳೆಯ ಹಾಳೆಯಲ್ಲಿರುವುದನ್ನೇ ಸ್ವಲ್ಪ ಕಡಿಮೆ ಮಾಡಿ ನಡೆಸಬೇಕು. ಹೊಸ ಪದ್ಧತಿಗೆ ಜನವರಿ ಮತ್ತೆ ಬರುತ್ತದೆ.